ಮೂರನೆಯ ಕೂಗು

ನಮ್ಮ ರಾಕ್ ಬ್ಯಾಂಡಿನ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲವೆಂದು ಉಳಿದವರಿಗೆ ಮಾತು ಕೊಟ್ಟಿದ್ದೇನೆ. ನಾಲ್ವರಲ್ಲಿ ಇಬ್ಬರು ಈಗ ಸರ್ಕಾರಿ ನೌಕರಿಯಲ್ಲಿದ್ದಾರೆ; ಮೂರನೆಯವನ ಮಾವನ ಮನೆಯವರಿಗೆ ಈ ಸಂಗತಿ ಇನ್ನೂ ತಿಳಿದಿಲ್ಲ. ನಾಲ್ಕನೆಯವನು ನಾನು, ಸಾಹಿತ್ಯ ಮತ್ತು ಗಾಯನ ನನ್ನದು.

ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದು, ಶಿಶುನಾಳ ಷರೀಫರ ಪದವನ್ನು ಗಿಟಾರು ಡ್ರಮ್ಮುಗಳ ಜೊತೆಗೂ ಹಾಡಬಹುದು, ಹಾಡಿದರೆ ಜನ ಕುಣಿಯುತ್ತಾರೆ ಎಂಬುದು ರುಜುವಾತಾದ ಮೇಲೆ, ಅವರು ಬೆಳೆದ ಮೈಸೂರಿನಲ್ಲಿ ಬಡಾವಣೆಗೊಂದರಂತೆ ಬ್ಯಾಂಡು ಹುಟ್ಟಿಕೊಂಡಿತೆಂದರೆ ಅತಿಶಯೋಕ್ತಿಯೇನೂ ಅಲ್ಲ. ನಮ್ಮ ಬಡಾವಣೆಯ ಪಾಲಿಗೆ ಬಂದದ್ದು ನಾವು. 2009ರ ಯುಗಾದಿಯ ಮಾರನೆಯ ದಿನ, ಒಬ್ಬಟ್ಟಿನ ಮಂಪರು ಇನ್ನೂ ಇಳಿಯದಿದ್ದಾಗ, ಎಂಟು ಹಾಡುಗಳ ಆಲ್ಬಂ ಮಾಡಿಯೇ ತೀರುವುದೆಂದು ತೀರ್ಮಾನಿಸಿದೆವು.

ನಮ್ಮ ಗಿಟಾರಿನವನಿಗೆ ಒಂದು ಕಥೆ ಬಾಯಿಪಾಠವಾಗಿತ್ತು. 1971ರ ಡಿಸೆಂಬರಿನಲ್ಲಿ ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ತಂಡವು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯ ಮಾಂಟ್ರೋ ಎಂಬ ಊರಿಗೆ ಆಲ್ಬಂ ಮಾಡಲು ಹೋಯಿತು. ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಸ್ಟುಡಿಯೊವನ್ನು, ಅಂದರೆ ಲಾರಿಯೊಳಗೆ ಕೂರಿಸಿದ ರೆಕಾರ್ಡಿಂಗ್ ಯಂತ್ರಗಳನ್ನು, ಅಲ್ಲಿಗೆ ತರಿಸಿಕೊಂಡು, ಊರಿನ ಕ್ಯಾಸಿನೊ ಕಟ್ಟಡದಲ್ಲಿ ನುಡಿಸುವುದೆಂದು ಗೊತ್ತುಮಾಡಿಕೊಂಡಿದ್ದರು. ಡಿಸೆಂಬರ್ 4ರಂದು ಅಲ್ಲಿ ಫ್ರ್ಯಾಂಕ್ ಝಪ್ಪನ ಕಾರ್ಯಕ್ರಮ ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್ ಹಾರಿಸಿದ್ದರಿಂದ ಇಡೀ ಕ್ಯಾಸಿನೊ ಸುಟ್ಟುಹೋಯಿತು. ಅಲ್ಲಿಂದ ಒಂದು ರಂಗಮಂದಿರಕ್ಕೆ ಹೋದರೆ ನೆರೆಹೊರೆಯವರು ಗದ್ದಲವೆಂದು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಒಳಬಾರದಂತೆ ಸಾಮಾನು ಹೊರುವ ಹುಡುಗರು ಬಾಗಿಲನ್ನು ಒತ್ತಿ ಹಿಡಿದಿರುವಷ್ಟರಲ್ಲಿ ಒಂದು ಹಾಡಿನ ವಾದ್ಯಭಾಗ ಮುಗಿಯಿತು. ಕೊನೆಗೆ, ಚಳಿಗಾಲದಲ್ಲಿ ಗಿರಾಕಿಗಳಿಲ್ಲದೆ ಬಣಗುಡುತ್ತಿದ್ದ ಗ್ರಾಂಡ್ ಹೋಟೆಲಿನ ಓಣಿಯಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿಕೊಂಡು ಉಳಿದದ್ದನ್ನು ನುಡಿಸಿದರು. ಕ್ಯಾಸಿನೊದ ಹೊಗೆ ಸರೋವರದ ಮೇಲೆ ಹಬ್ಬಿದ್ದೇ ಒಂದು ಹಾಡಾಯಿತು. 1972ರ ಮಾರ್ಚಿನಲ್ಲಿ ಆಲ್ಬಂ ಬಿಡುಗಡೆಯಾಯಿತು. ಗಿಟಾರ್ ಅಂಗಡಿಗೆ ಕಾಲಿಟ್ಟ ಹುಡುಗರು ಇವತ್ತಿಗೂ ಮೊದಲು ನುಡಿಸಿ ನೋಡುವುದು ಆ ಹಾಡಿನ ಆರಂಭವನ್ನೇ.

ಈ ಕಥೆಯಿಂದ ಅವನು ಹಿಂಡಿ ತೆಗೆದ ತಾತ್ಪರ್ಯವೇನೆಂದರೆ, ಅನಾಹುತವಾಗದ ಆಲ್ಬಂ ಆಲ್ಬಮ್ಮೇ ಅಲ್ಲ. ಹೀಗಾಗಿ ಮುಂದಿನ ಹತ್ತು ತಿಂಗಳು, ಉಳಿದ ಮೂವರು ತಲೆಯ ಮೇಲೆ ಕೈಹೊತ್ತು ಕುಳಿತ ಪ್ರತಿ ಸಂದರ್ಭದಲ್ಲೂ ಅವನೊಬ್ಬನ ಮುಖ ಮಾತ್ರ ಅರಳುತ್ತಿತ್ತು. "ಮಾಂಟ್ರೋ ಕಣ್ರೋ" ಎನ್ನುತ್ತಿದ್ದ. ಹುಡುಗ ಏನೋ ಮಂತ್ರ ಹೇಳಿಕೊಳ್ಳುತ್ತಾನೆಂದು ತಿಳಿದು ನಮ್ಮಜ್ಜಿಗೆ ಅವನ ಮೇಲೆ ವಿಶೇಷ ಗೌರವವಿತ್ತು.

ಸ್ಟುಡಿಯೊ ಎಂದರೆ ನಮ್ಮ ಮನೆಯ ಮಹಡಿಯ ಕೋಣೆ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲವೆಂದು ಡ್ರಮ್ಮಿನವನು ಎಲ್ಲಿಯೋ ಕೇಳಿಕೊಂಡು ಬಂದು, ಮೊಟ್ಟೆ ಮಂಡಿಯಿಂದ ನೂರಿಪ್ಪತ್ತು ಟ್ರೇಗಳನ್ನು ಆಟೋದಲ್ಲಿ ಹೇರಿಕೊಂಡು ತಂದ. ರಟ್ಟಿನ ಟ್ರೇಯಿಂದ ಕೋಣೆಯೊಳಗಿನ ಪ್ರತಿಧ್ವನಿ ಒಂದಿಷ್ಟು ಚದುರೀತೇ ಹೊರತು ಸದ್ದು ನಿಲ್ಲುವುದಿಲ್ಲ, ಸದ್ದನ್ನು ತಡೆಯಲು ತೂಕವೇ ಬೇಕು ಎಂಬ ಜ್ಞಾನೋದಯ ನಮಗಾದದ್ದು ಬಹಳ ತಡವಾಗಿ. ಅದಕ್ಕೂ ಮುಂಚೆ ಆಟೋ ಬಾಗಿಲಿಗೆ ಬಂದಿತ್ತು, ತುಳಸಿಕಟ್ಟೆಯ ಹತ್ತಿರ ಅಜ್ಜಿ ನಿಂತಿದ್ದರು.

"ಇಷ್ಟೊಂದು ಮೊಟ್ಟೆ ಯಾರಪ್ಪಾ ತಿಂದೋರು?" ಎಂದರು ಅಜ್ಜಿ.

ಖಾಲಿ ಟ್ರೇಗಳೆಂದೂ, ಮೊಟ್ಟೆಗೂ ನಮಗೂ ಸಂಬಂಧವಿಲ್ಲವೆಂದೂ, ಇದು ಕೇವಲ ಶಬ್ದಶಾಸ್ತ್ರವೆಂದೂ ವಿವರಿಸಿದೆವು. ಅಜ್ಜಿ ಒಪ್ಪಲಿಲ್ಲ. ಆದರೆ ಅವರು ಕೇವಲ ಬೇಡವೆನ್ನುವ ಪೈಕಿಯಲ್ಲ. ಟ್ರಂಕು ತೆಗೆಸಿ, ತಾತನ ಕಾಲದಲ್ಲಿ ಚಳ್ಳಕೆರೆಯ ಕಡೆಯಿಂದ ತರಿಸಿದ್ದ ಆರು ಕರಿಕಂಬಳಿಗಳನ್ನು ಕೊಟ್ಟು, "ಇದನ್ನ ಕಟ್ಕೊಳ್ಳಿ, ಉಣ್ಣೆಗೆ ಮೈಲಿಗೆ ಇಲ್ಲ" ಎಂದರು. ಕುರಿಯ ಉಣ್ಣೆಯ ಆ ದಪ್ಪ ಕಂಬಳಿಗಳು ಮೊಟ್ಟೆಯ ಟ್ರೇಗಿಂತ ಎಷ್ಟೋ ಪಾಲು ಚೆನ್ನಾಗಿ ಸದ್ದನ್ನು ನುಂಗಿದವು. ಹೀಗೆ ನಮ್ಮ ಆಲ್ಬಮ್ಮಿನಲ್ಲಿ ತಾಂತ್ರಿಕವಾಗಿ ಸರಿಯಾಗಿದ್ದ ಒಂದೇ ಒಂದು ನಿರ್ಧಾರ ಮಡಿಯ ಕಾರಣಕ್ಕೆ ಆದದ್ದು. ಮೇ ತಿಂಗಳ ಸೆಖೆಯಲ್ಲಿ, ಸದ್ದು ಮಾಡುತ್ತದೆಂದು ಫ್ಯಾನನ್ನೂ ಆರಿಸಿ, ಆರು ಕಂಬಳಿಗಳ ನಡುವೆ ನಾಲ್ವರು ತರುಣರು ಅಭ್ಯಾಸ ಮಾಡಿದ ಬಗೆಯನ್ನು ವರ್ಣಿಸಲು ಹೋಗುವುದಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಗಿಟಾರಿನ ಶ್ರುತಿ ಇಳಿದಿರುತ್ತಿತ್ತು, ನಾವೂ ಇಳಿದಿರುತ್ತಿದ್ದೆವು.

ಆಮೇಲಿನದು ಗುಂಯ್‌ಗುಡುವಿಕೆಯ ಸಮಸ್ಯೆ. ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸಾಕು, ಯಾರೂ ತಂತಿ ಮುಟ್ಟದಿದ್ದರೂ ಜೇನುಹಟ್ಟಿಯಂತೆ ಒಂದು ಸದ್ದು ಏಳುತ್ತಿತ್ತು. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅದು ಪಾಶ್ಚಾತ್ಯ ಸ್ವರಗಳ ಲೆಕ್ಕದಲ್ಲಿ 'ಜಿ' ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ ಬೀಳುತ್ತದೆ. ಇದನ್ನು ಕಂಡುಹಿಡಿದ ಬೇಸ್ ಗಿಟಾರಿನವನು, ಎಂಟೂ ಹಾಡುಗಳನ್ನು ಆ ಶ್ರುತಿಗೇ ತಂದುಬಿಟ್ಟರೆ ವಿದ್ಯುತ್ ಕಂಪನಿಯವರು ಪುಕ್ಕಟೆಯಾಗಿ ತಂಬೂರಿ ಮೀಟಿದಂತಾಗುತ್ತದೆಂದು ಸೂಚಿಸಿದ. ಸೂಚನೆಯನ್ನು ಗಂಭೀರವಾಗಿ ಎರಡು ದಿನ ಚರ್ಚಿಸಿದ ಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಅವನು ಟೆಸ್ಟರನ್ನು ಅಲ್ಲಲ್ಲಿ ಚುಚ್ಚಿ ನೋಡಿ, ಕಿವಿಯ ಮೇಲೆ ಸಿಕ್ಕಿಸಿಕೊಂಡು, "ಸಾರ್, ನಿಮ್ಮನೇಲಿ ಅರ್ಥೇ ಇಲ್ಲ" ಎಂದ.

"ನಾನೂ ಅದನ್ನೇ ಹೇಳ್ತಾ ಇದ್ದೆ ಕಣಪ್ಪಾ, ಒಂದು ಹಾಡಿಗೂ ಅರ್ಥ ಇಲ್ಲ ಅಂತ" ಎಂದರು ಅಜ್ಜಿ, ಒಳಗಿನಿಂದ.

ಹಿತ್ತಿಲಿನ ಅರ್ಥಿಂಗ್ ಗುಂಡಿ ಒಣಗಿತ್ತು. ಅದನ್ನು ಅಗೆದು, ಉಪ್ಪು ಇದ್ದಿಲು ತುಂಬಿಸಿ, ದಿನವೂ ರೆಕಾರ್ಡಿಂಗಿಗೆ ಮುಂಚೆ ಎರಡು ಬಕೆಟ್ ನೀರು ಸುರಿಯಬೇಕೆಂದು ಹೇಳಿ ಅವನು ಹೋದ. ನಾಲ್ವರು ಸಾಲಾಗಿ ನಿಂತು ಬರಿಯ ನೆಲಕ್ಕೆ ಭಕ್ತಿಯಿಂದ ನೀರೆರೆಯುತ್ತಿದ್ದುದನ್ನು ಮೇಲಿನಿಂದ ನೋಡುತ್ತಿದ್ದ ಪಕ್ಕದ ಮನೆಯಾಕೆ, ಇದು ಯಾವ ದೇವರ ಹರಕೆ, ನಮ್ಮ ಮಗನಿಗೂ ಕೆಲಸ ಸಿಕ್ಕಿಲ್ಲ ಎಂದು ಅಮ್ಮನನ್ನು ವಿಚಾರಿಸಿದ್ದರು.

ಡ್ರಮ್ಮಿಗೆ ಮಹಡಿಯ ಕೋಣೆ ಸಾಲುತ್ತಿರಲಿಲ್ಲ. ಆಷಾಢ ಮಾಸದಲ್ಲಿ ಮದುವೆಗಳಿಲ್ಲದೆ ಕಲ್ಯಾಣಮಂಟಪಗಳು ಖಾಲಿ ಬಿದ್ದಿರುತ್ತವೆ, ಕೇಳಿದಷ್ಟಕ್ಕೆ ಕೊಡುತ್ತಾರೆ ಎಂಬ ಉಪಾಯವನ್ನು ಹೊಳೆಯಿಸಿದವನು ಗಿಟಾರಿನವನೇ. ಗ್ರಾಂಡ್ ಹೋಟೆಲಿಗೆ ಚಳಿಗಾಲ ಹೇಗೋ ಛತ್ರಕ್ಕೆ ಆಷಾಢ ಹಾಗೆ ಎಂಬುದು ಅವನ ವಾದ. ವಾದ ಸರಿಯಾಗಿಯೇ ಇತ್ತು. ಊಟದ ಹಾಲಿನಲ್ಲಿ ಮೂರು ದಿನ ಬಾರಿಸಿದೆವು. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎನ್ನುವ ತಾಳದ ಗಡಿಯಾರವನ್ನು ಹಾಕಿಕೊಂಡು ಅದಕ್ಕೆ ಸರಿಯಾಗಿ ಬಾರಿಸಬೇಕಿತ್ತು. ಗಡಿಯಾರ ತನ್ನನ್ನು ಹಿಂದಕ್ಕೆ ಎಳೆಯುತ್ತಿದೆಯೆಂದು ಡ್ರಮ್ಮಿನವನು ಕೊನೆಯವರೆಗೂ ಆರೋಪಿಸಿದ. ಬೀಟಲ್ಸ್ ತಂಡದವರು ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ, ಅದೂ ಜಾನ್ ಲೆನನ್ನನಿಗೆ ನೆಗಡಿಯಾಗಿದ್ದಾಗ, ಮುಗಿಸಿದ್ದರೆಂದು ನಾನು ನೆನಪಿಸಿದ್ದಕ್ಕೆ, ಅವರಿಗೆ ಕರೆಂಟು ಹೋಗುತ್ತಿರಲಿಲ್ಲವೆಂದು ಉತ್ತರ ಬಂತು. ಇಲ್ಲಿ ನೆರೆಹೊರೆಯವರು ಪೊಲೀಸರನ್ನು ಕರೆಸಲಿಲ್ಲ. ಛತ್ರದ ಪಕ್ಕದಲ್ಲೇ ಬಾಳಿದವರು ಬ್ಯಾಂಡ್‌ಸೆಟ್ಟಿಗೆ ಹೆದರುವವರಲ್ಲ. ಆದರೆ ಎರಡನೆಯ ದಿನ ಇಬ್ಬರು ಹಿರಿಯರು ಒಳಬಂದು, ಆಷಾಢದಲ್ಲಿ ಲಗ್ನವಿಟ್ಟ ಆ ಧೈರ್ಯವಂತರು ಯಾರೆಂದು ಕೇಳಿ, ಊಟಕ್ಕೆ ಇನ್ನೂ ಎಲೆ ಹಾಕಿಲ್ಲವೆಂಬುದನ್ನು ಗಮನಿಸಿ, ಬೇಸರದಿಂದ ಹೊರಟುಹೋದರು.

ಇಷ್ಟೆಲ್ಲ ದಾಟಿ ಉಳಿದದ್ದು ಒಂದು ಮೆಲುದನಿಯ ಹಾಡು. ಒಂದೇ ಮೈಕು, ಒಂದು ಗಿಟಾರು, ನನ್ನ ಗಂಟಲು, ಎರಡೂ ಏಕಕಾಲದಲ್ಲಿ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಬೇಕೆಂದಿದ್ದೆವು, ಕರೆಂಟು ಹನ್ನೆರಡೂವರೆಗೆ ಬಂತು. ನಾವು ಹೇಳುವವರೆಗೂ ಒಲೆ ಹಚ್ಚಬಾರದೆಂದು ಅಮ್ಮನಿಗೆ ಹೇಳಿದ್ದೆವು, ಏಕೆಂದರೆ ಕೋಣೆಯ ಗವಾಕ್ಷಿ ನೇರವಾಗಿ ಅಡುಗೆಮನೆಯ ಮೇಲಿತ್ತು, ಅದಕ್ಕೆ ಹೊಚ್ಚಲು ಏಳನೆಯ ಕಂಬಳಿ ಇರಲಿಲ್ಲ. ಅಮ್ಮ ಒಂದೂವರೆಯವರೆಗೆ ಕಾದರು. ಅಜ್ಜಿಯ ಮಾತ್ರೆ ಊಟವಾದ ಮೇಲೆ ತೆಗೆದುಕೊಳ್ಳುವಂಥದ್ದು.

ಹದಿನೇಳನೆಯ ಟೇಕು. ಹದಿನಾರು ಸಲ ಎಲ್ಲಿಯೋ ಅಡಗಿದ್ದ ದನಿ ಆವತ್ತು ತಾನಾಗಿ ಎದ್ದು ಬಂದಿತ್ತು. ಗಿಟಾರಿನವನು ಕಣ್ಣು ಮುಚ್ಚಿ ನುಡಿಸುತ್ತಿದ್ದ. ಎರಡನೆಯ ಚರಣದ ನಡುವೆ, ಕೆಳಗಿನಿಂದ, ಮೊದಲು ಬುಸುಬುಸು ಎಂದು ಆವಿ ಸೋರುವ ಸದ್ದು, ಆಮೇಲೆ ಕುಕ್ಕರಿನ ಒಂದು ಉದ್ದನೆಯ ಕೂಗು. ನಾನು ನಿಲ್ಲಿಸಲಿಲ್ಲ. ಚರಣ ಮುಗಿದು ಪಲ್ಲವಿಗೆ ಬರುವ ಸಂದಿನಲ್ಲಿ, ಅಲ್ಲಿಗೇ ಎಂದು ಅಳತೆ ತೆಗೆದುಕೊಟ್ಟಂತೆ, ಎರಡನೆಯ ಕೂಗು. ಕೊನೆಯ ಸಾಲನ್ನು ಎಳೆದು ಬಿಡುತ್ತಿದ್ದ ಹಾಗೆಯೇ ಮೂರನೆಯದು. ಕೋಣೆಯಲ್ಲಿ ಬೇಳೆ ಬೆಂದ ಪರಿಮಳವೂ ಹರಡಿತು, ಅದು ಧ್ವನಿಮುದ್ರಣವಾಗಲಿಲ್ಲವೆಂಬುದಷ್ಟೇ ಸಮಾಧಾನ.

"ಮಾಂಟ್ರೋ..." ಎಂದು ಪಿಸುಗುಟ್ಟಿದ ಗಿಟಾರಿನವನು. ಅವನ ಕಣ್ಣಿನಲ್ಲಿ ನೀರಿತ್ತು.

ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಡ್ರಮ್ಮಿನವನ ತಮ್ಮ ಆ ಕೂಗುಗಳನ್ನು ತೆಗೆಯಲು ಒಂದು ವಾರ ಹೆಣಗಿದ. ಕೂಗು ನನ್ನ ದನಿಯ ಜೊತೆ ಒಂದೇ ಮೈಕಿನಲ್ಲಿ ಬೆರೆತಿತ್ತು. ಕೂಗಿನ ಆವರ್ತನಗಳನ್ನು ಕತ್ತರಿಸಿದಲ್ಲೆಲ್ಲ ದನಿಯೂ ತಗಡಿನ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಹದಿನೆಂಟನೆಯ ಟೇಕಿನಿಂದ ಮೂವತ್ತರವರೆಗೂ ಹಾಡಿ ನೋಡಿದೆ. ಕುಕ್ಕರು ಸುಮ್ಮನಿತ್ತು, ಹಾಡೂ ಸುಮ್ಮನೆ ಬಿದ್ದಿತ್ತು. ಹದಿನೇಳನೆಯದೇ ಉಳಿಯಿತು, ಕೂಗಿನ ಸಮೇತ.

ಸಿಡಿಯನ್ನು ಸಾವಿರಕ್ಕಿಂತ ಕಡಿಮೆ ಅಚ್ಚು ಹಾಕುವುದಿಲ್ಲವೆಂದು ಒಬ್ಬರು ಹೇಳಿದ್ದರಿಂದ ಸಾವಿರ; ಹಾಳೆಯ ಹೊದಿಕೆಯ ಮುದ್ರಣ ಇನ್ನೊಂದು ಕಡೆ. ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿ ಕಳಿಸಿದ್ದ ಸಾಹಿತ್ಯ, ಆ ಫಾಂಟು ಇಲ್ಲದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕೀಲಕ ಲಿಪಿಯಂತೆ ಕಂಡಿತಂತೆ. ಕಾಲ ಮೀರಿತ್ತು, ಪ್ರೆಸ್ಸಿನ ಹುಡುಗ ತನ್ನ ಫಾಂಟಿನಲ್ಲಿ ಹೊಸದಾಗಿ ಜೋಡಿಸಿಕೊಳ್ಳುತ್ತೇನೆಂದ, ನಾನು ಫೋನಿನಲ್ಲಿ ಒಂದೊಂದೇ ಸಾಲು ಓದಿ ಹೇಳಿದೆ. ಕೊನೆಯಲ್ಲಿ ನೆರವಾದವರ ಪಟ್ಟಿ. ಅದರ ತಲೆಬರಹ, ಕೃತಜ್ಞತೆಗಳು. ಈ ಶಬ್ದವನ್ನು ನಾವು ಕನ್ನಡಿಗರು ಬರೆಯುವುದು ಒಂದು ಬಗೆ, ಬಾಯಿಬಿಟ್ಟು ಹೇಳುವುದು ಇನ್ನೊಂದು ಬಗೆ ಎಂಬುದನ್ನು ಓದುಗರು ಬೇಕಾದರೆ ಈಗಲೇ ಹೇಳಿ ಪರೀಕ್ಷಿಸಿಕೊಳ್ಳಬಹುದು. ಹುಡುಗ ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಅಚ್ಚುಕಟ್ಟಾಗಿ ಜೋಡಿಸಿದ್ದ. ಅವನ ಮಹಾಪ್ರಾಣದ ಪ್ರೀತಿ ಮಾತ್ರ ಅವನ ಸ್ವಂತದ್ದು.

2010ರ ಜನವರಿಯ ಒಂದು ಸಂಜೆ ಬಿಡುಗಡೆ. ಹೊದಿಕೆಗಳು ಬಂದಿದ್ದವು, ಸಿಡಿಗಳ ಪಾರ್ಸೆಲ್ಲು ದಾರಿಯಲ್ಲೆಲ್ಲೋ ಇತ್ತು. ಮುಖ್ಯ ಅತಿಥಿಗಳು ನಮಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಬಣ್ಣದ ಕಾಗದ ಸುತ್ತಿ, ರಿಬ್ಬನ್ನು ಕಟ್ಟಿ, ತಟ್ಟೆಯಲ್ಲಿಟ್ಟ ಪೊಟ್ಟಣವನ್ನು ಮೇಷ್ಟ್ರು ಬಿಚ್ಚಿದರು. ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತೆರೆದರು. ಖಾಲಿಯಿದ್ದ ಒಳಭಾಗವನ್ನು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಏನೂ ನಡೆಯದವರಂತೆ ಮುಚ್ಚಿ ಫೋಟೊಗೆ ಎತ್ತಿ ಹಿಡಿದರು. "ಒಳಗಿರುವುದನ್ನು ಕುರಿತು ನಾನು ಹೇಳಬೇಕಾದದ್ದು ಏನೂ ಇಲ್ಲ" ಎಂದು ಭಾಷಣ ಆರಂಭಿಸಿದಾಗ ಸಭಿಕರು ಅದನ್ನು ಮೆಚ್ಚುಗೆಯೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ಹೇಳಲು ಬೇರೇನೂ ಸಿಕ್ಕದ ಮೇಷ್ಟ್ರು ಹೊದಿಕೆಯನ್ನು ಓದತೊಡಗಿದರು. "ಕೃತಘ್ನತೆಗಳು: ನಮ್ಮ ತಂದೆತಾಯಿಗಳಿಗೆ, ಹಣ ಕೊಟ್ಟ ಹಿರಿಯರಿಗೆ, ಕಂಬಳಿ ಕೊಟ್ಟ ಅಜ್ಜಿಗೆ." ಸ್ವಲ್ಪ ಹೊತ್ತು ಸುಮ್ಮನಿದ್ದು, 'ಜ್ಞ' ಎಂದರೆ ತಿಳಿದವನು, 'ಘ್ನ' ಎಂದರೆ ಕೊಂದವನು ಎಂಬಲ್ಲಿಂದ ಹಿಡಿದು, ಮಾಡಿದ ಉಪಕಾರವನ್ನು ನೆನೆಯುವವನಿಗೂ ಕೊಲ್ಲುವವನಿಗೂ ಇರುವ ವ್ಯತ್ಯಾಸವನ್ನು ಇಪ್ಪತ್ತು ನಿಮಿಷ ವಿವರಿಸಿದರು. ನನಗೆ ಹತ್ತನೆಯ ತರಗತಿಯಲ್ಲಿ ಅರ್ಥವಾಗದಿದ್ದದ್ದು ಆವತ್ತು ಚೆನ್ನಾಗಿ ಅರ್ಥವಾಯಿತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಅಪ್ಪ ಪ್ರತಿ ವಾಕ್ಯಕ್ಕೂ ತಲೆದೂಗುತ್ತಿದ್ದರು. ಅಚ್ಚಿನ ತಪ್ಪೆಂದು ಮನೆಗೆ ಬಂದ ಮೇಲೆ ಎಷ್ಟು ಹೇಳಿದರೂ, "ಇರಲಿ ಬಿಡೋ, ಲೆಕ್ಕ ಸರಿಯಾಗೇ ಇದೆ" ಎಂದರು. ಸಾವಿರ ಹೊದಿಕೆಗಳಲ್ಲಿ ಪೆನ್ನಿನಿಂದ ತಿದ್ದಲು ಕುಳಿತು, ಇನ್ನೂರಕ್ಕೆ ನಿಲ್ಲಿಸಿದೆವು. ಮಾರಾಟವಾದದ್ದು ಅಷ್ಟೂ ಅಲ್ಲವಾದ್ದರಿಂದ ಕೊಂಡವರಿಗೆಲ್ಲ ತಿದ್ದಿದ ಪ್ರತಿಯೇ ಸಿಕ್ಕಿತು.

ಈಗಲೂ ಯಾವಾಗಲಾದರೊಮ್ಮೆ, ಹಬ್ಬಕ್ಕೆ ಊರಿಗೆ ಹೋದಾಗ, ಅಪ್ಪ ಆ ಸಿಡಿಯನ್ನು ಹಾಕುತ್ತಾರೆ. ಅಮ್ಮ ಸೋಫಾದ ಅಂಚಿನಲ್ಲಿ ಕುಳಿತು ಹೂ ಕಟ್ಟುತ್ತಾ ಕೇಳುತ್ತಿರುತ್ತಾರೆ. ಆ ಹಾಡು ಬರುತ್ತದೆ, ಎರಡನೆಯ ಚರಣ ಬರುತ್ತದೆ, ಒಂದು ಕೂಗು, ಎರಡು ಕೂಗು. ಮೂರನೆಯದು ಕೇಳುತ್ತಿದ್ದ ಹಾಗೆಯೇ ಅಮ್ಮ ಹೂವನ್ನು ಪಕ್ಕಕ್ಕಿಟ್ಟು, ಒಲೆ ಆರಿಸಲು ಒಳಗೆ ಹೋಗುತ್ತಾರೆ.