ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುವ ಮಕ್ಕಳ ಪರವಾಗಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳ ಮಾತು ಬಂದಾಗ ತಂದೆತಾಯಂದಿರು ದನಿ ತಗ್ಗಿಸಿ ಹೇಳುವ ಸಂಗತಿಗಳು ಎರಡಿವೆ. ಮಗು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗದೆ ಎರಡು ವರ್ಷದ ಪದವಿ ಕೊಡುವ ಕಮ್ಯುನಿಟಿ ಕಾಲೇಜು ಸೇರಿದೆ ಎಂಬುದು ಒಂದು. ಓದುತ್ತಿರುವುದು ಕಂಪ್ಯೂಟರ್ ಸೈನ್ಸ್ ಅಲ್ಲ, ರಾಜ್ಯಶಾಸ್ತ್ರ ಎಂಬುದು ಇನ್ನೊಂದು. ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೇ ನಡೆದವು. ಮಗಳು ಕುಪರ್ಟಿನೊದ ಡಿ ಆಂಜಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ, ಅಲ್ಲಿಂದ ಡೇವಿಸ್‌ನ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಪದವಿ ಮುಗಿಸಿ, ಈಗ ರಾಜ್ಯ ಶಾಸನಸಭೆಯ ಸದಸ್ಯರೊಬ್ಬರ ಕ್ಷೇತ್ರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳೊಬ್ಬಳನ್ನು ಮುಂದಿಟ್ಟುಕೊಂಡು ಎಲ್ಲರಿಗೂ ತೀರ್ಪು ಹೇಳಲು ನಾನು ಬರೆಯುತ್ತಿಲ್ಲ. ಆದರೆ ಆ ದಾರಿಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ದೃಢವಾಗಿ ಅನ್ನಿಸಿರುವುದೇನೆಂದರೆ, ರಾಜ್ಯಶಾಸ್ತ್ರ ಓದಲು ಕಮ್ಯುನಿಟಿ ಕಾಲೇಜು ಸಿಗದ ಸೀಟಿಗೆ ಬದಲಾಗಿ ಒಪ್ಪಿಕೊಳ್ಳುವ ಜಾಗವಲ್ಲ. ಈ ವಿಷಯದ ಉದ್ಯೋಗಗಳಲ್ಲಿ ಹೆಚ್ಚಿನವು ಇರುವುದು ಊರಿನ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ರಾಜ್ಯದ ಆಡಳಿತದಲ್ಲಿ. ಆ ಆಡಳಿತಕ್ಕೆ ಅತ್ಯಂತ ಸಮೀಪದಲ್ಲಿರುವ ಕಾಲೇಜು ಇದೇ.

ನಮ್ಮ ಹಿಂಜರಿಕೆಯ ಬೇರು ಎಲ್ಲಿದೆ ಎಂಬುದು ನಮಗೆಲ್ಲ ಗೊತ್ತು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಸೈನ್ಸ್, ಆಮೇಲೆ ಕಾಮರ್ಸ್, ಎರಡೂ ಸಿಗದವರಿಗೆ ಆರ್ಟ್ಸ್ ಎಂಬ ಸಾಲಿನಲ್ಲಿ ಬೆಳೆದವರು ನಾವು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್‌ಇಪಿ ತೆಗೆದುಕೊಂಡವನನ್ನು ಮುಂದೇನು ಮಾಡುತ್ತೀ ಎಂದು ಕೇಳುತ್ತಿದ್ದೆವು. ಅದೇ ವಿಷಯಗಳನ್ನು ಓದಿ ಕೆಎಎಸ್ ಪಾಸು ಮಾಡಿ ತಹಸೀಲ್ದಾರನಾಗಿ ಬಂದರೆ ಎದ್ದು ನಿಲ್ಲುತ್ತಿದ್ದೆವು. ಅದೇ ಅಳತೆಗೋಲನ್ನು ಸಮುದ್ರ ದಾಟಿಸಿ ತಂದು ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಮೇಲೆ ಇಡುವುದು ನ್ಯಾಯವಲ್ಲ, ಏಕೆಂದರೆ ಇಲ್ಲಿನ ವ್ಯವಸ್ಥೆಯ ರಚನೆಯೇ ಬೇರೆ.

ಅಮೆರಿಕದ ಮೊದಲ ಸಾರ್ವಜನಿಕ ಕಮ್ಯುನಿಟಿ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ 1960ರ ಮಾಸ್ಟರ್ ಪ್ಲಾನ್ ಮೂಲಕ ಉನ್ನತ ಶಿಕ್ಷಣವನ್ನು ಮೂರು ಹಂತಗಳಾಗಿ ಜೋಡಿಸಿತು: ಸಂಶೋಧನೆಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಬೋಧನೆ ಮತ್ತು ವೃತ್ತಿಶಿಕ್ಷಣಕ್ಕೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು, ಕಲಿಯಬಯಸುವ ಎಲ್ಲರಿಗೂ ಬಾಗಿಲು ತೆರೆದಿರುವ ಕಮ್ಯುನಿಟಿ ಕಾಲೇಜುಗಳು. ಈಗ ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಕೆಳಗಿನ ಹಂತದಿಂದ ಮೇಲಿನ ಎರಡಕ್ಕೆ ವರ್ಗವಾಗುವುದು ಈ ಯೋಜನೆಯ ಮೂಲ ಆಶಯದಲ್ಲೇ ಇತ್ತು. 2010ರ ಕಾನೂನೊಂದು ಅದಕ್ಕೆ ಇನ್ನಷ್ಟು ಬಲ ಕೊಟ್ಟು, ರಾಜ್ಯಶಾಸ್ತ್ರ ಸೇರಿದಂತೆ ಹಲವು ವಿಷಯಗಳಲ್ಲಿ ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿಗಳಿಗೆ, ಅಂದರೆ ಎರಡು ವರ್ಷದ ಪದವಿಗಳಿಗೆ, ದಾರಿ ಮಾಡಿತು. ಅದನ್ನು ನಿಯಮದಂತೆ ಪೂರೈಸಿದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಒಂದು ಜಾಗ ಖಚಿತ, ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತರಿ ಮಾತ್ರ ಇಲ್ಲ. ಯುಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಝ್ ಎಂಬ ಆರು ಕ್ಯಾಂಪಸ್‌ಗಳು ಟ್ಯಾಗ್ ಎಂಬ ಪ್ರವೇಶ ಖಾತರಿಯನ್ನು ಕೊಡುತ್ತವೆ. ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಅಲ್ಲಿಗೆ ವರ್ಗವಾಗಿ ಬರುವವರಲ್ಲಿ ಬಹುಪಾಲು ಮಂದಿ ಈ ರಾಜ್ಯದ ಕಮ್ಯುನಿಟಿ ಕಾಲೇಜಿನವರೇ.

ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ (ಕೋರ್ಸಿನ ಕ್ರೆಡಿಟ್) ಒಂದಕ್ಕೆ 46 ಡಾಲರ್, ಅಂದರೆ 60 ಯೂನಿಟ್‌ಗಳ ಅಸೋಸಿಯೇಟ್ ಪದವಿಗೆ 2,760 ಡಾಲರ್. ಯುಸಿಯಲ್ಲಿ ಒಂದು ವರ್ಷದ ಶುಲ್ಕವೇ ಸುಮಾರು 15,000 ಡಾಲರ್ ಇರುವಾಗ ಮೊದಲ ಎರಡು ವರ್ಷ ಇಲ್ಲಿ ಓದಿದವರು ಸಾಲವಿಲ್ಲದೆ ಮುಂದೆ ಹೋಗಬಲ್ಲರು. ಆರಂಭದ ಸಂಬಳ ಸಾಧಾರಣವಾಗಿರುವ ಸಾರ್ವಜನಿಕ ಸೇವೆಯ ಕೆಲಸಗಳಿಗೆ ಹೋಗುವವರಿಗೆ ಸಾಲವಿಲ್ಲದಿರುವುದು ಸಣ್ಣ ಸಂಗತಿಯಲ್ಲ. ಎಷ್ಟೋ ಯುವಜನರು ಇಂಥ ಕೆಲಸಗಳನ್ನು ಬಿಟ್ಟು ಬೇರೆಡೆ ಹೋಗುವುದು ಸಾಲದ ಕಂತಿನ ಒತ್ತಡಕ್ಕೆ.

ಇನ್ನು ತರಗತಿಯೊಳಗೆ ಕಲಿಸುವುದೇನು? ಅಮೆರಿಕದ ಸರ್ಕಾರ ಮತ್ತು ರಾಜಕೀಯದ ಪರಿಚಯ ಎಲ್ಲರಿಗೂ ಕಡ್ಡಾಯ. ಅದರ ಮೇಲೆ ರಾಜಕೀಯ ಸಿದ್ಧಾಂತ, ಬೇರೆ ಬೇರೆ ದೇಶಗಳ ಆಡಳಿತದ ತುಲನೆ, ಅಂತರರಾಷ್ಟ್ರೀಯ ಸಂಬಂಧ, ಸಂಖ್ಯಾಶಾಸ್ತ್ರ ಮೊದಲಾದವುಗಳಿಂದ ಆಯ್ದುಕೊಳ್ಳಬೇಕು. ಸಂಖ್ಯಾಶಾಸ್ತ್ರ ಈ ಪಟ್ಟಿಯಲ್ಲಿರುವುದನ್ನು ನಮ್ಮವರು ಗಮನಿಸುವುದಿಲ್ಲ. ಜನಾಭಿಪ್ರಾಯ ಸಮೀಕ್ಷೆ, ಮತದಾನದ ದತ್ತಾಂಶ, ಬಜೆಟ್ಟಿನ ಅಂಕಿಗಳನ್ನು ಓದಿ ಅರ್ಥ ಹೇಳಬಲ್ಲವರಿಗೆ ಈ ಕ್ಷೇತ್ರದಲ್ಲಿ ಸಿಗುವ ಅವಕಾಶಗಳು ಉಳಿದವರಿಗಿಂತ ಹೆಚ್ಚು.

ಪಠ್ಯಕ್ಕಿಂತಲೂ ನನಗೆ ಮಹತ್ವದ್ದಾಗಿ ಕಂಡದ್ದು ಆ ತರಗತಿಯಲ್ಲಿ ಕುಳಿತಿರುವ ಜನ. ವಿಯೆಟ್ನಾಂ ನಿರಾಶ್ರಿತರ ಮಕ್ಕಳು, ಸೈನ್ಯದಿಂದ ಹಿಂತಿರುಗಿದವರು, ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಓದಲು ಬರುವ ತಾಯಂದಿರು, ಮನೆಯಲ್ಲಿ ಸ್ಪ್ಯಾನಿಷ್ ಮಾತ್ರ ಆಡುವ ಕುಟುಂಬದಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಒಂದೇ ಕೋಣೆಯಲ್ಲಿ ಇರುತ್ತಾರೆ. 1978ರ ಪ್ರಪೊಸಿಷನ್ 13 ಚರ್ಚೆಗೆ ಬಂದ ದಿನವನ್ನು ಮಗಳು ಈಗಲೂ ನೆನೆಯುತ್ತಾಳೆ. ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇಕಡಾ 1ಕ್ಕೆ ಮಿತಿಗೊಳಿಸಿ, ಆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರದಂತೆ ಕಟ್ಟಿಹಾಕಿದ, ರಾಜ್ಯದ ಸಂವಿಧಾನಕ್ಕೆ ಮತದಾರರು ತಂದ ತಿದ್ದುಪಡಿ ಅದು. ಅಜ್ಜಿಯ ಹಳೆಯ ಮನೆ ಉಳಿದದ್ದೇ ಅದರಿಂದ ಎಂದು ಒಬ್ಬ ಹುಡುಗ ಹೇಳಿದರೆ, ಬಾಡಿಗೆ ಏರಿದಾಗಲೆಲ್ಲ ಊರು ಬದಲಿಸಿದ ಹುಡುಗಿಯೊಬ್ಬಳು ತನಗೆ ಅದರಿಂದ ಏನು ಸಿಕ್ಕಿತು ಎಂದು ಕೇಳಿದಳಂತೆ. ಸೌಲಭ್ಯವಂತರ ಮಕ್ಕಳೇ ತುಂಬಿರುವ ಕ್ಯಾಂಪಸ್ಸಿನಲ್ಲಿ ಈ ಚರ್ಚೆ ಪುಸ್ತಕದ ಪ್ರಶ್ನೆಯಾಗಿ ಮುಗಿಯುತ್ತದೆ. ಇಲ್ಲಿ ಅದು ಇಬ್ಬರ ಮನೆಯ ಲೆಕ್ಕವಾಗಿ ಎದುರಿಗೆ ಬಂದಿತು.

ಡಿ ಆಂಜಾದಲ್ಲಿ, ಈ ಭಾಗವನ್ನು ದೀರ್ಘಕಾಲ ಶಾಸನಸಭೆಯಲ್ಲಿ ಪ್ರತಿನಿಧಿಸಿದ ಜಾನ್ ವಾಸ್ಕೊನ್ಸೆಲೋಸ್ ಅವರ ಹೆಸರಿನಲ್ಲಿ ಪ್ರಜಾಪ್ರಭುತ್ವದ ಅಭ್ಯಾಸಕ್ಕೆಂದೇ ಒಂದು ಕೇಂದ್ರವಿದ್ದು, ವಿದ್ಯಾರ್ಥಿಗಳು ಸಾರ್ವಜನಿಕ ಕೆಲಸದಲ್ಲಿ ನೇರವಾಗಿ ತೊಡಗಲು ಅದು ನೆರವಾಗುತ್ತದೆ. ಕಾಲೇಜನ್ನು ನಡೆಸುವ ಟ್ರಸ್ಟಿಗಳ ಮಂಡಳಿಯೇ ಊರಿನವರ ಮತದಿಂದ ಆಯ್ಕೆಯಾಗುವಂಥದು. 1953ರ ಬ್ರೌನ್ ಕಾಯ್ದೆಯಂತೆ ಇಂಥ ಮಂಡಳಿಗಳು, ನಗರಸಭೆಗಳು ತಮ್ಮ ಸಾಮಾನ್ಯ ಸಭೆಗಳ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಮಾತನಾಡಲು ಪೌರತ್ವ ಬೇಕಿಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ಎಲ್ಲಿ ಸಿಗುತ್ತದೆ?

2021ರಲ್ಲಿ ಕುಪರ್ಟಿನೊ ಯೂನಿಯನ್ ಶಾಲಾ ಜಿಲ್ಲೆಯು ಮಕ್ಕಳ ಸಂಖ್ಯೆ ಇಳಿದ ಕಾರಣಕ್ಕೆ ಕೆಲವು ಶಾಲೆಗಳನ್ನು ಮುಚ್ಚಲು ನಿರ್ಧರಿಸಿದಾಗ ನಮ್ಮ ವಾಟ್ಸ್ಆ್ಯಪ್ ಗುಂಪುಗಳು ತಳಮಳಗೊಂಡದ್ದು ಹಲವರಿಗೆ ನೆನಪಿರಬಹುದು. ನಿರ್ಧಾರ ಯಾರ ಕೈಯಲ್ಲಿದೆ, ಶಾಲೆಗೆ ಹಣ ಎಲ್ಲಿಂದ ಬರುತ್ತದೆ, ಯಾವ ಸಭೆಯಲ್ಲಿ ಯಾವ ಹಂತದಲ್ಲಿ ಮಾತನಾಡಿದರೆ ಉಪಯೋಗ ಎಂಬುದು ಉನ್ನತ ಪದವಿಗಳಿರುವ ನಮ್ಮಲ್ಲಿ ಬಹುತೇಕರಿಗೆ ತಿಳಿದಿರಲಿಲ್ಲ. 2023ರಲ್ಲಿ ಜಾತಿ ತಾರತಮ್ಯಕ್ಕೆ ಸಂಬಂಧಿಸಿದ ಎಸ್‌ಬಿ 403 ಮಸೂದೆ ಶಾಸನಸಭೆಯ ಎರಡೂ ಸದನಗಳಲ್ಲಿ ಅಂಗೀಕಾರವಾಗಿ, ಕೊನೆಗೆ ರಾಜ್ಯಪಾಲರ ವೀಟೋದಿಂದ ನಿಂತಾಗಲೂ ಹಾಗೆಯೇ ಆಯಿತು. ಪರ ಮತ್ತು ವಿರೋಧ ಎರಡೂ ಕಡೆ ನಮ್ಮ ಜನರಿದ್ದರು. ಮಸೂದೆಯನ್ನು ಓದಿ, ಅದು ಯಾವ ಸಮಿತಿಯಲ್ಲಿ ಏನು ತಿದ್ದುಪಡಿ ಕಂಡಿತು ಎಂದು ಹೇಳಬಲ್ಲವರು ಎರಡೂ ಕಡೆ ವಿರಳವಾಗಿದ್ದರು. ಒಂದು ಸಮುದಾಯ ಎಲ್ಲ ಮಕ್ಕಳನ್ನೂ ಎಂಜಿನಿಯರಿಂಗಿಗೇ ಕಳಿಸಿದರೆ ಹೀಗಾಗುತ್ತದೆ ಎಂದು ನಾನು ನಂಬಿದ್ದೇನೆ.

ಈಗ ಉದ್ಯೋಗದ ವಿಚಾರ, ಏಕೆಂದರೆ ತಂದೆತಾಯಂದಿರ ನಿಜವಾದ ಪ್ರಶ್ನೆ ಇದೇ. ಪೊಲಿಟಿಕಲ್ ಸೈಂಟಿಸ್ಟ್ ಎಂಬ ಹೆಸರಿನ ಹುದ್ದೆಗಳು ಇಡೀ ದೇಶದಲ್ಲಿ ಕೆಲವೇ ಸಾವಿರ. ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ 2023ರಲ್ಲಿ ಅವರ ಮಧ್ಯಮ ವಾರ್ಷಿಕ ವೇತನ ಸುಮಾರು 1,32,000 ಡಾಲರ್ ಇತ್ತು, ಆದರೆ ಆ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ಆ ಸಂಖ್ಯೆಯನ್ನು ತೋರಿಸಿ ಮಕ್ಕಳಿಗೆ ಆಸೆ ಹುಟ್ಟಿಸುವುದು ತಪ್ಪು. ರಾಜ್ಯಶಾಸ್ತ್ರ ಓದಿದವರ ಕೆಲಸಗಳು ಬೇರೆ ಹೆಸರುಗಳ ಅಡಿಯಲ್ಲಿ ಇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳು, 480ಕ್ಕೂ ಹೆಚ್ಚು ನಗರಗಳು, ಇವುಗಳ ಜೊತೆಗೆ ನೀರು, ಸಾರಿಗೆ, ಶಾಲೆ, ಅಗ್ನಿಶಾಮಕ ಸೇವೆಗಳಿಗೆ ಪ್ರತ್ಯೇಕ ಆಡಳಿತವಿರುವ ‘ಜಿಲ್ಲೆ’ಗಳಿವೆ. ನಮ್ಮ ಸ್ಯಾಂಟಾ ಕ್ಲಾರಾ ಕೌಂಟಿಯೊಂದರಲ್ಲೇ 15 ನಗರಗಳು. ಇವುಗಳಲ್ಲಿ ಸಿಟಿ ಕ್ಲರ್ಕ್ ಕಚೇರಿ, ಚುನಾವಣಾ ಕಚೇರಿ, ಬಜೆಟ್ ವಿಭಾಗ, ವಸತಿ ವಿಭಾಗ, ಜನಸಂಪರ್ಕ ಎಂದು ಹಲವು ಕಡೆ ಬರೆಯಬಲ್ಲ, ನಿಯಮ ಓದಬಲ್ಲ, ಜನರೊಂದಿಗೆ ತಾಳ್ಮೆಯಿಂದ ಮಾತನಾಡಬಲ್ಲ ಸಿಬ್ಬಂದಿ ಬೇಕು. ಮ್ಯಾನೇಜ್‌ಮೆಂಟ್ ಅನಲಿಸ್ಟ್ ಎಂಬ ಹುದ್ದೆ ಇಲ್ಲಿನ ನಗರಾಡಳಿತಗಳಲ್ಲಿ ಬಹಳ ಸಾಮಾನ್ಯ, ಮುಂದೆ ನಗರ ವ್ಯವಸ್ಥಾಪಕರಾದ ಹಲವರು ಆರಂಭಿಸಿದ್ದು ಅಲ್ಲಿಂದ. ಇಂಥ ಕೆಲಸಗಳಲ್ಲಿ ಬಹುಪಾಲಿಗೆ ಇಂದಿಗೂ ಪಿಂಚಣಿ ಇದೆ ಎಂಬುದನ್ನು, ಲೇ ಆಫ್ ಸುದ್ದಿ ಕೇಳುತ್ತಲೇ ದಿನ ಕಳೆಯುವ ನಮ್ಮ ತಲೆಮಾರು ಕಡೆಗಣಿಸಬಾರದು.

ಜನಪ್ರತಿನಿಧಿಗಳ ಕಚೇರಿಗಳದ್ದು ಇನ್ನೊಂದು ಲೋಕ. ನಮ್ಮಲ್ಲಿ ಎಷ್ಟೋ ಮಂದಿ ವರ್ಕ್ ಪರ್ಮಿಟ್ ಅಥವಾ ಪಾಸ್‌ಪೋರ್ಟ್ ತಡವಾದಾಗ ಕಾಂಗ್ರೆಸ್ ಸದಸ್ಯರ ಕಚೇರಿಗೆ ಬರೆದು ಸಹಾಯ ಪಡೆದವರು. ಆ ಅರ್ಜಿಯನ್ನು ಓದಿ, ನಮ್ಮ ಒಪ್ಪಿಗೆ ಪತ್ರ ತೆಗೆದುಕೊಂಡು, ಸಂಬಂಧಪಟ್ಟ ಇಲಾಖೆಯನ್ನು ವಿಚಾರಿಸಿ ಉತ್ತರ ತರಿಸುವವರು ಅಲ್ಲಿನ ಕೇಸ್‌ವರ್ಕರ್‌ಗಳು. ರಾಜ್ಯ ಮಟ್ಟದ ಕಚೇರಿಗಳಲ್ಲಿ ನಿರುದ್ಯೋಗ ಭತ್ಯೆ, ಡಿಎಂವಿ (ವಾಹನ ಮತ್ತು ಚಾಲನಾ ಪರವಾನಗಿ ಇಲಾಖೆ) ಮೊದಲಾದವುಗಳ ದೂರುಗಳು ಹೀಗೆಯೇ ಸಾಗುತ್ತವೆ. ಮಗಳ ಕೆಲಸ ಇದೇ. ಭತ್ಯೆ ನಿಂತುಹೋದ ವೃದ್ಧರೊಬ್ಬರ ಕಡತ ಬಗೆಹರಿದ ದಿನ ಅವಳು ಮನೆಗೆ ಬಂದು ಹೇಳಿಕೊಂಡ ಸಂತೋಷವನ್ನು ನನ್ನ ಇಷ್ಟು ವರ್ಷಗಳ ಸಾಫ್ಟ್‌ವೇರ್ ಕೆಲಸದಲ್ಲಿ ನಾನು ಕಂಡಿಲ್ಲ.

ವಕೀಲಿಕೆ ಎಲ್ಲರಿಗೂ ಗೊತ್ತಿರುವ ದಾರಿ: ಯಾವ ವಿಷಯದ ಪದವಿಯಾದರೂ ಲಾ ಸ್ಕೂಲಿಗೆ ಆಗುತ್ತದೆ, ಮುಂದೆ ಮೂರು ವರ್ಷದ ಓದು. ಲಾಭರಹಿತ ಸಂಸ್ಥೆಗಳು, ಕಾರ್ಮಿಕ ಸಂಘಗಳು, ಪ್ರಚಾರ ತಂಡಗಳು, ಪತ್ರಿಕೋದ್ಯಮ, ಕಂಪನಿಗಳ ಸರ್ಕಾರಿ ವ್ಯವಹಾರ ವಿಭಾಗಗಳೂ ಇವೆ.

ತೊಡಕುಗಳನ್ನು ಮುಚ್ಚಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಎರಡು ವರ್ಷದ ಪದವಿಯಲ್ಲೇ ನಿಂತರೆ ದೊರೆಯುವುದು ಸಹಾಯಕ ಹುದ್ದೆಗಳು, ಪ್ರಚಾರದ ಕ್ಷೇತ್ರಕಾರ್ಯ, ಹೆಚ್ಚುವರಿ ಸರ್ಟಿಫಿಕೇಟ್ ಇದ್ದರೆ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕರ ಕೆಲಸ. ಮೇಲಿನ ಹಲವು ಹುದ್ದೆಗಳಿಗೆ ಬ್ಯಾಚುಲರ್ ಪದವಿ ಬೇಕೇ ಬೇಕು. ವರ್ಗಾವಣೆಯ ಆಸೆಯಿಂದ ಸೇರಿದ ಬಹಳಷ್ಟು ವಿದ್ಯಾರ್ಥಿಗಳು ಅಲ್ಲಿಯವರೆಗೆ ತಲುಪುವುದಿಲ್ಲ, ಮುಖ್ಯವಾಗಿ ದುಡಿಮೆಯ ಒತ್ತಡ ಮತ್ತು ಸರಿಯಾದ ಮಾರ್ಗದರ್ಶನದ ಕೊರತೆಯಿಂದ. ಕಮ್ಯುನಿಟಿ ಕಾಲೇಜಿನಲ್ಲೇ ಪಾಠ ಹೇಳಬೇಕೆನ್ನುವವರಿಗೆ ಸ್ನಾತಕೋತ್ತರ ಪದವಿ ಸಾಕು, ಆದರೆ ಪೂರ್ಣಾವಧಿ ಹುದ್ದೆಗಳು ಕಡಿಮೆ. ಅರೆಕಾಲಿಕ ಬೋಧಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ ಪೂರ್ಣ ಹೊರೆಯ ಶೇಕಡಾ 67ಕ್ಕಿಂತ ಹೆಚ್ಚು ಪಾಠ ಕೊಡುವಂತಿಲ್ಲವಾದ್ದರಿಂದ ಅವರು ಎರಡು ಮೂರು ಕಾಲೇಜುಗಳ ನಡುವೆ ಕಾರಿನಲ್ಲೇ ಬದುಕುತ್ತಾರೆ; ಫ್ರೀವೇ ಫ್ಲೈಯರ್ ಎಂಬ ಹೆಸರೇ ಅವರಿಗೆ ಬಿದ್ದಿದೆ. ಇಷ್ಟು ಒಳ್ಳೆಯ ಪಾಠ ಹೇಳುವವರನ್ನು ಹೀಗೆ ನಡೆಸಿಕೊಳ್ಳುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಕ್ಕೂಟ ಸರ್ಕಾರದ ಕೆಲಸಗಳ ಭರವಸೆಯೂ ಮೊದಲಿನಂತಿಲ್ಲ: 2025ರ ಜನವರಿಯಲ್ಲಿ ನೇಮಕಾತಿಗೆ ತಡೆ ಬಿತ್ತು, 1977ರಿಂದ ಯುವ ಪದವೀಧರರನ್ನು ಆಡಳಿತಕ್ಕೆ ತರುತ್ತಿದ್ದ ಪ್ರೆಸಿಡೆನ್ಷಿಯಲ್ ಮ್ಯಾನೇಜ್‌ಮೆಂಟ್ ಫೆಲೋ ಕಾರ್ಯಕ್ರಮವನ್ನೂ ಅದೇ ವರ್ಷ ಕೊನೆಗೊಳಿಸಿದರು.

ವೀಸಾದ ವಿಷಯ ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಮುಖ್ಯ. ತಂದೆ ಅಥವಾ ತಾಯಿಯ ಕೆಲಸದ ವೀಸಾದ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ನಿವಾಸಿ ಶುಲ್ಕಕ್ಕೆ ಅರ್ಹತೆ ಪಡೆಯಬಹುದು, ಆದರೆ 21 ತುಂಬಿದ ಮೇಲೆ ಆ ವೀಸಾ ಉಳಿಯುವುದಿಲ್ಲ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಶುಲ್ಕ ಹಲವು ಪಟ್ಟು ಏರುತ್ತದೆ. ಪದವಿಯ ನಂತರ ರಾಜ್ಯಶಾಸ್ತ್ರದವರಿಗೆ ಸಿಗುವ ಒಪಿಟಿ (ಈ ವೀಸಾದಲ್ಲಿ ಓದಿದವರು ಕೆಲಸ ಮಾಡುವ ಅನುಮತಿ) 12 ತಿಂಗಳು ಮಾತ್ರ, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಸೇರಿದ ಸ್ಟೆಮ್ ವಿಷಯಗಳವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಗ್ರೀನ್ ಕಾರ್ಡ್ ಇಲ್ಲದ ಮಗು ಈ ವಿಷಯವನ್ನು ಆರಿಸಿಕೊಳ್ಳುವ ಮೊದಲು ಕುಟುಂಬ ಒಟ್ಟಾಗಿ ಕುಳಿತು ಇದನ್ನು ಮಾತನಾಡಲೇಬೇಕು, ಮಗುವಿನ ಆಸಕ್ತಿಯ ಮೇಲಿನ ಗೌರವದಿಂದಲೇ ಮಾತನಾಡಬೇಕು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಈ ಅಡ್ಡಿಯಿಲ್ಲ. ಅವರನ್ನು ತಡೆಯುತ್ತಿರುವುದು ಬಹುತೇಕ ನಮ್ಮ ಸಂಕೋಚವೇ.

ಸೇರಿದವರು ಮೊದಲ ಟರ್ಮಿನಲ್ಲೇ ಕೌನ್ಸೆಲರನ್ನು ಕಂಡು, ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಮಾನ್ಯ ಎಂಬುದನ್ನು ಅಸಿಸ್ಟ್ ಜಾಲತಾಣದಲ್ಲಿ ಪರಿಶೀಲಿಸಿ, ಎರಡು ವರ್ಷದ ಯೋಜನೆಯನ್ನು ಬರೆದಿಟ್ಟುಕೊಳ್ಳಬೇಕು. ಸಂಖ್ಯಾಶಾಸ್ತ್ರವನ್ನು ಕೊನೆಗೆ ತಳ್ಳಬಾರದು. ಇನ್ನೂ ಹೈಸ್ಕೂಲಿನಲ್ಲಿರುವ ಮಕ್ಕಳಿಗೂ ಒಂದು ದಾರಿಯಿದೆ: 16 ವರ್ಷ ತುಂಬಿ, ಕನಿಷ್ಠ 2.5 ಜಿಪಿಎ (ಸರಾಸರಿ ಗ್ರೇಡ್) ಇರುವ ವಿದ್ಯಾರ್ಥಿಗಳು ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಈ ರಾಜ್ಯದಲ್ಲಿ ಮತಗಟ್ಟೆ ಸಿಬ್ಬಂದಿಯಾಗಿ ಕೆಲಸ ಮಾಡಬಹುದು, ಮತ ಹಾಕುವ ಹಕ್ಕಿಲ್ಲದ ಗ್ರೀನ್ ಕಾರ್ಡ್‌ದಾರ ತಂದೆತಾಯಂದಿರೂ ಅವರ ಜೊತೆ ಸೇರಬಹುದು. ಅರ್ಜಿ ಕೌಂಟಿಯ ಚುನಾವಣಾ ಕಚೇರಿಯಲ್ಲಿ ಸಿಗುತ್ತದೆ. ನಿಮ್ಮ ಮನೆಯ ಮಗು ಈ ವಿಷಯ ಓದಬೇಕೆಂದು ಕೇಳಿದ್ದರೆ ಕಾಮೆಂಟಿನಲ್ಲಿ ಅಥವಾ ಇನ್‌ಬಾಕ್ಸಿನಲ್ಲಿ ಬರೆಯಿರಿ. ತಿಳಿದಷ್ಟನ್ನು ಹೇಳುತ್ತೇನೆ, ಮಗಳ ಜೊತೆ ಮಾತನಾಡಿಸುತ್ತೇನೆ.