ಸೆಟ್ಟಿಂಗ್ಸ್ ಇದೆ, ಎಲ್ಲಿದೆ ಅಂತ ಮಾತ್ರ ಕೇಳಬೇಡಿ

ವಿಂಡೋಸ್ ಹಾಗೇ ಕಂಪ್ಯೂಟರ್ ನಡೆಸುವ ತಂತ್ರಾಂಶ ಲಿನಕ್ಸ್. ಅದರಲ್ಲಿ ಆಗದ ಕೆಲಸ ಕಡಿಮೆ. ಆ ಕೆಲಸ ಮಾಡುವ ಜಾಗ ಹುಡುಕುವುದರಲ್ಲೇ ಜನ ಸುಸ್ತಾಗುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆಮೇಲೆ ಮಡಿಕೇರಿ, ವಿರಾಜಪೇಟೆ ಕಡೆಯ ಪರಿಚಯದವರು ಹಳೇ ಲ್ಯಾಪ್‌ಟಾಪಿಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿಕೊಡಿ ಅಂತ ಕೇಳುವುದು ಜಾಸ್ತಿಯಾಗಿದೆ. ಹಾಕುವುದು ಸುಲಭ. ಆಮೇಲೆ ಫೋನ್ ಬರುತ್ತದೆ: "ಅಣ್ಣಾ, ಕನ್ನಡ ಟೈಪ್ ಮಾಡೋದು ಎಲ್ಲಿಂದ?"

ಇಷ್ಟು ಚಿಕ್ಕ ಪ್ರಶ್ನೆಗೆ ಎಷ್ಟು ಉದ್ದದ ಉತ್ತರ ನೋಡಿ. ಕೀಬೋರ್ಡ್ ಸೇರಿಸುವುದು ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ. ನುಡಿ ತಂತ್ರಾಂಶದ ಅಭ್ಯಾಸ ಇರುವವರಿಗೆ ಎಂ17ಎನ್ ಅನ್ನುವ ಟೈಪಿಂಗ್ ಸಂಗ್ರಹದ ಕೆಜಿಪಿ ಕೀಬೋರ್ಡ್ ಹೊಂದುತ್ತದೆ. ಅದಕ್ಕೆ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನ ಬೇರೆ ಪ್ಯಾಕೇಜ್ ಬೇಕು, ಸಾಮಾನ್ಯವಾಗಿ ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲೇ ಹಾಕಬೇಕು. ಹಾಕಿದ ಮೇಲೆ ಲಾಗೌಟ್ ಆಗಿ, ಒಳಗೆ ಬಂದು, ಮತ್ತೆ ಅದೇ ಕೀಬೋರ್ಡ್ ಪುಟ. ಮೆನುಗಳೂ ಕನ್ನಡದಲ್ಲಿ ಬೇಕು ಅಂದರೆ ಲ್ಯಾಂಗ್ವೇಜ್ ಸಪೋರ್ಟ್ ಅಂತ ಇನ್ನೊಂದು ಪ್ರೋಗ್ರಾಂ. ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸಿಗೆ ಬಂದರೆ ಅದಕ್ಕೆ ತನ್ನದೇ ಆಪ್ಷನ್ಸ್. ಅಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವುದರ ಕೆಳಗೆ ಕನ್ನಡದ ಫಾಂಟ್ ಬೇರೆಯೇ ಆರಿಸಬೇಕು. ಹೆಸರು ನೋಡಿದರೆ ಯಾರಿಗಾದರೂ ಅದು ಕನ್ನಡದ ಜಾಗ ಅಂತ ಹೊಳೆಯುತ್ತದಾ?

ಒಂದೊಂದು ಭಾಗವನ್ನು ಒಂದೊಂದು ತಂಡ ಬರೆದಿದೆ, ಅದಕ್ಕೇ ಹೀಗೆ. ಆದರೆ ಬರೆದವರು ಹಂಚಿಕೊಂಡ ಹಾಗೇ ನಮಗೂ ಬಡಿಸಬೇಕಾ? ಕನ್ನಡ ಬರೆಯುವುದು ನಮಗೆ ಒಂದೇ ಕೆಲಸ.

ಇನ್ನೊಂದು. ನಮ್ಮ ಕಡೆಯ ನೆಟ್‌ವರ್ಕ್ ಗೊತ್ತಲ್ಲ, ದೊಡ್ಡ ಫೈಲನ್ನು ರಾತ್ರಿಯಿಡೀ ಡೌನ್‌ಲೋಡಿಗೆ ಬಿಡಬೇಕು. ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಮಲಗಬಾರದು. ಉಬುಂಟುವಿನ ಪವರ್ ಪುಟದಲ್ಲಿ ಮುಚ್ಚಳದ ಸುದ್ದಿಯೇ ಇಲ್ಲ. ಸಿಸ್ಟಮ್‌ನ ಸೆಟ್ಟಿಂಗ್ ಫೈಲುಗಳಿರುವ ಈಟಿಸಿ ಫೋಲ್ಡರಿನ ಒಳಗೆ ಲಾಗಿನ್‌ಡಿ ಅನ್ನುವ ಸೇವೆಯ ಫೈಲ್ ತೆರೆದು ಒಂದು ಸಾಲು ತಿದ್ದಬೇಕು. ಸೆಟ್ಟಿಂಗ್ಸ್‌ನಲ್ಲಿ ಹುಡುಕುವ ಪೆಟ್ಟಿಗೆ ಇದೆಯಲ್ಲ ಅನ್ನಬಹುದು. ಪುಟದಲ್ಲೇ ಇಲ್ಲದ್ದು ಅಲ್ಲಿ ಹೇಗೆ ಸಿಗುತ್ತದೆ? ಗೂಗಲ್ ಮಾಡಿ ಅನ್ನುವವರು ಜುಲೈಯಲ್ಲಿ ಒಮ್ಮೆ ಕೊಡಗಿಗೆ ಬನ್ನಿ. ಕರೆಂಟೂ ನೆಟ್ಟೂ ಒಟ್ಟಿಗೇ ಹೋಗಿರುತ್ತವೆ.

ಈ ಫೈಲುಗಳ ಮೇಲೆ ನನಗೆ ಸಿಟ್ಟಿಲ್ಲ. ಸಾದಾ ಪಠ್ಯ, ಕಾಪಿ ಇಟ್ಟುಕೊಂಡರೆ ಹೊಸ ಯಂತ್ರಕ್ಕೂ ಆಗುತ್ತದೆ. ಅವು ಇರಲಿ, ಮೇಲೆ ಒಂದು ಬಾಗಿಲು ಇಡಿ ಅಷ್ಟೇ.

ಎಲ್ಲವನ್ನೂ ಒಂದೇ ಕಡೆ ಇಟ್ಟವರು ಇದ್ದರು. ಸೂಸೆ ಅನ್ನುವ ಇನ್ನೊಂದು ಲಿನಕ್ಸ್‌ನ ಯಾಸ್ಟ್ ಪ್ರೋಗ್ರಾಂನಲ್ಲಿ ಪ್ಯಾಕೇಜ್, ಡಿಸ್ಕ್, ನೆಟ್‌ವರ್ಕ್, ಬಳಕೆದಾರರು ಎಲ್ಲ ಇತ್ತು. ಕಿಟಕಿಯಲ್ಲೂ ತೆರೆಯುತ್ತಿತ್ತು, ಬರಿ ಟರ್ಮಿನಲ್‌ನಲ್ಲೂ ತೆರೆಯುತ್ತಿತ್ತು. 2004ರಲ್ಲಿ ಅದನ್ನು ಜಿಪಿಎಲ್ ಅನ್ನುವ ಮುಕ್ತ ಪರವಾನಗಿಗೆ ತಂದರು. 2025ರಲ್ಲಿ ಬಂದ ಓಪನ್‌ಸೂಸೆ ಲೀಪ್ 16ರಲ್ಲಿ ಅದನ್ನು ಕೈಬಿಟ್ಟು ಕಾಕ್‌ಪಿಟ್ ಮತ್ತು ಪ್ಯಾಕೇಜ್ ಹಾಕುವ ಮಿರ್ಲಿನ್ ಕೊಟ್ಟರು. ಕಾಕ್‌ಪಿಟ್ ತೆರೆಯುವುದು ಬ್ರೌಸರ್‌ನಲ್ಲಿ. ಸರ್ವರ್ ನೋಡಿಕೊಳ್ಳುವವರಿಗೆ ಅದು ಸರಿ, ಅಂಗಡಿಯ ಬಿಲ್ ಬರೆಯುವವರಿಗೆ ಯಾಕೆ?

ಅಷ್ಟು ದೊಡ್ಡದನ್ನು ಒಂದೇ ತಂಡ ಹೊರುವುದು ಕಷ್ಟ, ಒಪ್ಪುತ್ತೇನೆ. ಹಾಗಾಗಿ ನನಗೆ ಕೆಡಿಇ (ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್) ದಾರಿ ಹಿಡಿಸುತ್ತದೆ. ಅದರ ಸಿಸ್ಟಮ್ ಸೆಟ್ಟಿಂಗ್ಸ್ ಬಿಡಿ ಬಿಡಿ ಮಾಡ್ಯೂಲ್‌ಗಳ ಒಂದು ಕಿಟಕಿ. ಯಾರು ಬರೆದ ಮಾಡ್ಯೂಲ್ ಆದರೂ ಅಲ್ಲೇ ಬಂದು ಕೂರಬಹುದು. ಮುಚ್ಚಳದ ಆಯ್ಕೆ ಪವರ್ ಮ್ಯಾನೇಜ್‌ಮೆಂಟ್‌ನಲ್ಲೇ ಇದೆ. ಆಯ್ಕೆಗಳು ಅತಿಯಾದವು ಅನ್ನುವ ದೂರು ಸುಳ್ಳಲ್ಲ, ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತದೆ. ಆದರೂ ಫೋನಿನಲ್ಲಿ ದಾರಿ ಹೇಳುವವನಿಗೆ ಅದೇ ವಾಸಿ. ಇನ್ನು ಮುಂದೆ ಕೇಳಿದವರಿಗೆ ಕೆಡಿಇ ಇರುವ ಉಬುಂಟು, ಅಂದರೆ ಕುಬುಂಟುವೇ ಹಾಕಿಕೊಡುತ್ತೇನೆ.