ಐಎಲ್-6 ಒಂದನ್ನೇ ಕಳ್ಳ ಮಾಡಬೇಡಿ

ಉರಿಯೂತದ ಸಂದೇಶ ಒಯ್ಯುವ ಐಎಲ್-6 (ಇಂಟರ್‌ಲ್ಯೂಕಿನ್-6) ಎಂಬ ಪ್ರೋಟೀನಿನ ಬಗ್ಗೆ ನಿಮ್ಮ ಲೇಖನದಲ್ಲಿ "ಐಎಲ್-6 ಸ್ನಾಯುವಿನ ಶತ್ರು, ಅದನ್ನು ತಡೆದರೆ ಮುಪ್ಪಿನಲ್ಲಿ ಸ್ನಾಯು ಕರಗುವುದು ನಿಲ್ಲುತ್ತದೆ" ಎಂದು ಬರೆದಿದ್ದೀರಿ. ಇದು ಅರ್ಧ ಸರಿ ಅಷ್ಟೇ. ವ್ಯಾಯಾಮ ಮಾಡುವಾಗ ಇದೇ ಐಎಲ್-6 ಅನ್ನು ಸ್ನಾಯುವೇ ರಕ್ತಕ್ಕೆ ಬಿಡುತ್ತದೆ. ಮ್ಯಾರಥಾನ್‌ನಂಥ ಉದ್ದದ ಓಟದಲ್ಲಿ ಅದು 100 ಪಟ್ಟು ಏರುವುದೂ ಉಂಟು. ಓಟ ನಿಂತ ಮೇಲೆ ಬೇಗ ಇಳಿದುಬಿಡುತ್ತದೆ. ಸ್ನಾಯು ಹೊರಬಿಡುವ ಇಂಥ ಪ್ರೋಟೀನುಗಳಿಗೆ ಡೆನ್ಮಾರ್ಕಿನ ಸಂಶೋಧಕಿ ಬೆಂಟೆ ಪೆಡರ್ಸನ್ ತಂಡ 2003ರಲ್ಲಿ 'ಮಯೋಕೈನ್' ಅಂತ ಹೆಸರೇ ಕೊಟ್ಟಿತು.

ಹಾಗಾಗಿ ತೊಂದರೆ ಏರುವುದರಲ್ಲಿಲ್ಲ, ಇಳಿಯದೆ ವರ್ಷಗಟ್ಟಲೆ ಸಣ್ಣಗೆ ಹೊಗೆಯಾಡುತ್ತಲೇ ಇರುವುದರಲ್ಲಿದೆ. ಜೊತೆಗೆ ಟಿಎನ್‌ಎಫ್-ಆಲ್ಫಾ ಎಂಬ ಇನ್ನೊಂದು ಉರಿಯೂತದ ಪ್ರೋಟೀನ್ ಬೇರೆ. ಅದು ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ ಒತ್ತಿ, ಸ್ನಾಯುವಿನ ಪ್ರೋಟೀನನ್ನು ಒಡೆಯುವ ಕೆಲಸ ಜೋರು ಮಾಡುತ್ತದೆ. ಲೇಖನದಲ್ಲಿ ಅದಕ್ಕೆ ಒಂದೇ ಸಾಲು!

ನಮ್ಮ ತಂದೆ ಎಪ್ಪತ್ತೆರಡರಲ್ಲಿ ನ್ಯುಮೋನಿಯಾ ಆಗಿ ಎರಡು ವಾರ ಮಲಗಿದ್ದರು. ಎದ್ದಾಗ ತೊಡೆ ಸೊರಗಿ ಪೈಜಾಮ ಜೋತುಬೀಳುತ್ತಿತ್ತು, ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಅದರಲ್ಲಿ ಸೋಂಕಿನ ಉರಿಯೂತದ ಪಾಲೆಷ್ಟು, ಸುಮ್ನೆ ಮಲಗಿದ್ದರ ಪಾಲೆಷ್ಟು ಅಂತ ಬೇರ್ಪಡಿಸುವುದು ಹೇಗೆ? ಎರಡೂ ಒಂದನ್ನೊಂದು ಎಳೆಯುತ್ತವೆ ಅಲ್ವಾ. ಅವರನ್ನು ಮತ್ತೆ ನಿಲ್ಲಿಸಿದ್ದು ದಿನಾ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವ ಅಭ್ಯಾಸ, ಸ್ವಲ್ಪ ಜಾಸ್ತಿ ಪ್ರೋಟೀನ್ ಇರುವ ಊಟ. ನಾಲ್ಕು ತಿಂಗಳು ಹಿಡಿಯಿತು. ಆ ಹತ್ತು ಸಲದಲ್ಲೂ ಅವರ ತೊಡೆ ಒಂದಿಷ್ಟು ಐಎಲ್-6 ಬಿಟ್ಟಿರಬಹುದು, ನೀವು ತಡೆಯಿರಿ ಅನ್ನುತ್ತಿರುವ ಅದನ್ನೇ.